ಘಾಟಿ ಯಾವ ಹೊತ್ತಿಗೆ ಸಿಗುತ್ತದೆ?

ಮಳೆಗಾಲ ಮುಗಿದು ಘಾಟಿ ರಸ್ತೆಗಳ ಪಾಚಿ ಒಣಗುತ್ತಿದ್ದಂತೆ ದೂರದ ಸೈಕಲ್ ಸವಾರಿಗಳ ಹಂಗಾಮು ಶುರುವಾಗುತ್ತದೆ. ೨೦೦೮ರ ಡಿಸೆಂಬರಿನಲ್ಲಿ ಮೊದಲ ‘ಟೂರ್ ಆಫ್ ನೀಲಗಿರೀಸ್’ ನಡೆದಾಗ, ದಿನಕ್ಕೆ ನೂರು ಕಿಲೋಮೀಟರಿನ ಲೆಕ್ಕದಲ್ಲಿ ವಾರವಿಡೀ ತುಳಿದು ಕರ್ನಾಟಕ, ತಮಿಳುನಾಡು, ಕೇರಳದ ಬೆಟ್ಟಗಳನ್ನು ಬಳಸಿ ಬರುವುದು ನಮ್ಮ ಕಡೆಯವರಿಗೆ ಹೊಸ ಸಂಗತಿಯಾಗಿತ್ತು. ಈಗ ಅದಲ್ಲದೆ ಒಂದು ದಿನದ ಸವಾರಿಗಳು, ಎರಡು ಮೂರು ದಿನದ ಮಲೆನಾಡು ಸುತ್ತುಗಳು, ಫ್ರಾನ್ಸಿನ ನಿಯಮಾವಳಿಯಂತೆ ಗಡುವಿನೊಳಗೆ ಮುಗಿಸಬೇಕಾದ ಬ್ರೆವೇಗಳು ಎಲ್ಲವೂ ಇವೆ. ಆಯ್ಕೆ ಹೆಚ್ಚಿದೆ, ಆರಿಸುವ ಬಗೆ ಮಾತ್ರ ಹಾಗೇ ಉಳಿದಿದೆ. ಹೆಸರು ನೋಂದಾಯಿಸುವ ಮುನ್ನ ಬಹುಪಾಲು ಜನ ನೋಡುವುದು ಎರಡೇ ಸಂಗತಿ: ಒಟ್ಟು ಎಷ್ಟು ಕಿಲೋಮೀಟರ್, ಪೋಸ್ಟರಿನಲ್ಲಿರುವ ಜಾಗ ಯಾವುದು. ಚೆಲುವಾದ ದಾರಿಯಲ್ಲಿ ಸೈಕಲ್ ತುಳಿಯಬೇಕೆಂಬ ಆಸೆಯಿಂದ ಹೊರಡುವವರಿಗೆ ಇವೆರಡೂ ಸಾಲವು. ಆ ಚೆಲುವಿನ ಜಾಗವನ್ನು ದಿನದ ಯಾವ ಹೊತ್ತಿನಲ್ಲಿ ಮುಟ್ಟುತ್ತೀರಿ, ಮುಟ್ಟುವಾಗ ಮೈಯಲ್ಲಿ ಎಷ್ಟು ಕಸುವು ಉಳಿದಿರುತ್ತದೆ, ಅಲ್ಲಿ ಸೈಕಲ್ ನಿಲ್ಲಿಸಲು ಎಷ್ಟು ಬಿಡುವಿರುತ್ತದೆ ಎಂಬುದೇ ಸವಾರಿಯನ್ನು ನಿರ್ಧರಿಸುತ್ತದೆ. ಆದ್ದರಿಂದ ಆಯ್ಕೆಯ ಮೊದಲ ಅಳತೆ ಉಳಿಯುವ ಸಮಯವಾಗಿರಬೇಕು, ಮಿಕ್ಕದ್ದೆಲ್ಲ ಆಮೇಲಿನದು ಎಂಬುದು ನನ್ನ ವಾದ.

ಬ್ರೆವೇಯ ಲೆಕ್ಕವನ್ನೇ ನೋಡೋಣ, ಏಕೆಂದರೆ ಅಲ್ಲಿ ಎಲ್ಲವೂ ಬಿಚ್ಚಿಟ್ಟ ಅಂಕಿಗಳಲ್ಲಿದೆ. ೨೦೦ ಕಿ.ಮೀ.ಗೆ ಹದಿಮೂರೂವರೆ ಗಂಟೆ, ೩೦೦ಕ್ಕೆ ೨೦ ಗಂಟೆ, ೪೦೦ಕ್ಕೆ ೨೭, ೬೦೦ಕ್ಕೆ ೪೦. ಎಲ್ಲದರಲ್ಲೂ ಸರಾಸರಿ ಗಂಟೆಗೆ ೧೫ ಕಿ.ಮೀ. ಆಸುಪಾಸು. ರೇಸ್ ಅಲ್ಲ, ಕ್ರಮಾಂಕ ಇಲ್ಲ, ಗಡುವಿನೊಳಗೆ ಮುಗಿಸಿದವರೆಲ್ಲ ಸಮಾನರು. ಬಯಲಿನಲ್ಲಿ ೨೫ರ ವೇಗದಲ್ಲಿ ಹೋಗಬಲ್ಲವರಿಗೆ ೧೫ ಎಂಬುದು ತೀರಾ ಸಲೀಸು ಅನ್ನಿಸುತ್ತದೆ. ಆದರೆ ಈ ಗಡಿಯಾರ ತಿಂಡಿಗೆ ನಿಲ್ಲುವುದಿಲ್ಲ, ಪಂಕ್ಚರಿಗೆ ನಿಲ್ಲುವುದಿಲ್ಲ, ನಿದ್ದೆಗೂ ನಿಲ್ಲುವುದಿಲ್ಲ. ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಆರಕ್ಕೆ ಬೆಂಗಳೂರಿನಿಂದ ೬೦೦ ಕಿ.ಮೀ.ಗೆ ಹೊರಟವರ ಗಡುವು ಭಾನುವಾರ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. ಆ ನಲವತ್ತು ಗಂಟೆಗಳಲ್ಲಿ ಸುಮಾರು ಹದಿನಾರು ಗಂಟೆ ಕತ್ತಲೆ. ನಿಲುಗಡೆಗಳನ್ನೂ ಸೇರಿಸಿ ಗಂಟೆಗೆ ೧೮ರಂತೆ ಸಾಗಿದರೆ ಮುನ್ನೂರನೇ ಕಿಲೋಮೀಟರ್, ಅಂದರೆ ಶಿವಮೊಗ್ಗದಷ್ಟು ದೂರ, ರಾತ್ರಿ ಹತ್ತೂವರೆಯ ಹೊತ್ತಿಗೆ ಸಿಗುತ್ತದೆ. ಹಗಲೆಲ್ಲ ಹೆದ್ದಾರಿ, ಟೋಲ್, ತೆಂಗಿನ ತೋಟದ ಬಯಲುಸೀಮೆ. ಮಲೆನಾಡು ಶುರುವಾಗುವಲ್ಲಿ ಕಣ್ಣಿಗೆ ಕಾಣುವುದು ಸೈಕಲ್ಲಿನ ದೀಪ ಬಿದ್ದಷ್ಟು ಡಾಂಬರು. ನಕ್ಷೆಯ ಮೇಲೆ ಈ ದಾರಿಯ ಅಂದ ಒಂದಿಷ್ಟೂ ಕಡಿಮೆಯಾಗಿಲ್ಲ, ಸವಾರನಿಗೆ ಅದು ದಕ್ಕುವುದಿಲ್ಲ ಅಷ್ಟೆ. ಬ್ರೆವೇಯನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ೧೮೯೧ರಲ್ಲಿ ಮೊದಲು ನಡೆದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನಿಂದ ಇಲ್ಲಿಯವರೆಗೆ ಆ ಪರಂಪರೆಯ ಗುರಿಯೇ ಸಹನೆ ಮತ್ತು ಸ್ವಾವಲಂಬನೆ. ಪ್ರಕೃತಿ ನೋಡಬೇಕೆನ್ನುವವರು ಆ ಪರಂಪರೆಯೊಳಗೆ ಹಗಲಲ್ಲೇ ಮುಗಿಯುವ ೨೦೦ ಕಿ.ಮೀ.ಯನ್ನು ಆರಿಸಬೇಕು, ಅದೂ ಊರಿನಿಂದಾಚೆ ಘಾಟಿಯ ಸನಿಹದಲ್ಲೇ ಆರಂಭವಾಗುವಂಥದ್ದನ್ನು.

ಕತ್ತಲೆಗಿಂತ ದೊಡ್ಡ ಕಳ್ಳ ಏರುದಾರಿ. ಸಮತಟ್ಟು ರಸ್ತೆಯಲ್ಲಿ ಸವಾರ ಸೆಣಸುವುದು ಬಹುಮಟ್ಟಿಗೆ ಗಾಳಿಯ ಎದುರು, ಏರಿನಲ್ಲಿ ಸೆಣಸುವುದು ತನ್ನದೇ ತೂಕದ ಎದುರು. ಸೈಕಲ್ ಮತ್ತು ಸವಾರ ಸೇರಿ ೮೫ ಕಿಲೋ ಇದ್ದು, ಕಾಲುಗಳು ತಡೆಯಿಲ್ಲದೆ ೧೫೦ ವಾಟ್ ಶಕ್ತಿ ಕೊಡುತ್ತಿದ್ದರೆ ಬಯಲಿನಲ್ಲಿ ಗಂಟೆಗೆ ೨೫ರ ಮೇಲಿನ ವೇಗ ಸಿಕ್ಕೀತು. ಅದೇ ಕಾಲು, ಅದೇ ಶಕ್ತಿ, ನೂರು ಮೀಟರಿಗೆ ಒಂಬತ್ತು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ ಏಳು ಕಿಲೋಮೀಟರನ್ನೂ ಕಷ್ಟಪಟ್ಟು ಕೊಡುತ್ತದೆ. ಮಸಣಿಗುಡಿಯಿಂದ ಊಟಿಗೆ ಹತ್ತುವ ಕಲ್ಲಹಟ್ಟಿ ಘಾಟಿ ಇಂಥದ್ದೇ ರಸ್ತೆ. ಮೂವತ್ತಾರು ಹೇರ್‌ಪಿನ್ ತಿರುವುಗಳು, ಹನ್ನೆರಡು ಹದಿಮೂರು ಕಿಲೋಮೀಟರಿನಲ್ಲಿ ಸಾವಿರ ಮೀಟರಿಗೂ ಮಿಕ್ಕಿದ ಎತ್ತರ. ನೀಲಗಿರಿ ಸವಾರಿಯ ಹೆಸರೆತ್ತಿದರೆ ಮೊದಲು ಬರುವ ಮಾತು ಇದೇ. ಇಲ್ಲಿ ಗೇರಿನ ಲೆಕ್ಕವೇ ನೋಟದ ಲೆಕ್ಕವೂ ಆಗುತ್ತದೆ. ಮುಂದಿನ ಹಲ್ಲುಚಕ್ರಕ್ಕೆ ೩೪ ಹಲ್ಲು, ಹಿಂದಿನದಕ್ಕೂ ೩೪ ಹಲ್ಲು ಇದ್ದರೆ ನಿಮಿಷಕ್ಕೆ ಅರವತ್ತು ಸುತ್ತು ಪೆಡಲ್ ತಿರುಗಿಸಿ ಗಂಟೆಗೆ ಏಳೂವರೆ ಕಿಲೋಮೀಟರಿನಂತೆ ಹತ್ತಬಹುದು. ಹಿಂದಿನ ದೊಡ್ಡ ಹಲ್ಲುಚಕ್ರ ೨೫ರದ್ದೇ ಆಗಿದ್ದರೆ, ಅದೇ ಅರವತ್ತು ಸುತ್ತಿಗೆ ೨೦೦ ವಾಟಿಗೂ ಹೆಚ್ಚು ಶಕ್ತಿ ಬೇಕು. ಸಾಮಾನ್ಯ ಸವಾರರಲ್ಲಿ ಅಷ್ಟು ಶಕ್ತಿ ಒಂದೂವರೆ ಗಂಟೆ ನಿಲ್ಲುವುದಿಲ್ಲ, ಪೆಡಲ್ ಕಿತ್ತು ಕಿತ್ತು ತುಳಿಯುತ್ತ, ಮುಂದಿನ ಚಕ್ರದ ಎರಡು ಮೀಟರ್ ಆಚೆಗಿನದನ್ನು ನೋಡಲಾಗದೆ ಹತ್ತುತ್ತಾರೆ. ಸೈಕಲ್ ಅಂಗಡಿಯಲ್ಲಿ ಹಿಂದಿನ ಹಲ್ಲುಚಕ್ರಗಳ ಕ್ಯಾಸೆಟ್ ಬದಲಿಸಲು ಆಗುವ ಖರ್ಚು ದುಬಾರಿ ಜೆರ್ಸಿಗಿಂತ, ಹಗುರ ಚಕ್ರಕ್ಕಿಂತ ಹೆಚ್ಚು ಪ್ರಕೃತಿಯನ್ನು ಕಣ್ಣಿಗೆ ತರುತ್ತದೆ.

ಹಾಗಾದರೆ ಒಂದು ದಿನದ ಬಿಡುವನ್ನು ಮೊದಲೇ ಅಳೆಯುವುದು ಹೇಗೆ? ಆಯೋಜಕರು ದೂರದ ಜೊತೆಗೆ ಒಟ್ಟು ಏರನ್ನೂ ಮೀಟರಿನಲ್ಲಿ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಬೇಕು. ಹೆಚ್ಚು ತಾಲೀಮಿಲ್ಲದ, ಆರೋಗ್ಯವಂತ ಸವಾರರು ಗಂಟೆಗೆ ಐನೂರು ಮೀಟರ್ ಎತ್ತರ ಏರುತ್ತಾರೆ ಎಂದು ಇಟ್ಟುಕೊಳ್ಳಬಹುದು. ೧೫೦ ಕಿ.ಮೀ. ದೂರ, ೨,೦೦೦ ಮೀಟರ್ ಏರು ಇರುವ ಒಂದು ದಿನವನ್ನು ತೆಗೆದುಕೊಳ್ಳಿ. ಏರಿಗೇ ನಾಲ್ಕು ಗಂಟೆ, ಅಷ್ಟರಲ್ಲಿ ಸಾಗುವ ದೂರ ಮೂವತ್ತೈದು ಕಿಲೋಮೀಟರ್ ಇದ್ದೀತು. ಮಿಕ್ಕ ೧೧೫ ಕಿ.ಮೀ.ಗೆ, ಇಳಿಜಾರನ್ನೂ ಸೇರಿಸಿ, ಸರಾಸರಿ ೨೪ರಂತೆ ಸುಮಾರು ಐದು ಗಂಟೆ. ತಿಂಡಿ, ಊಟ, ನೀರು, ಒಂದು ಪಂಕ್ಚರ್ ಎಂದು ಒಂದೂವರೆ ಗಂಟೆ ಹಿಡಿದರೆ ಹತ್ತೂವರೆ ಗಂಟೆಯಾಯಿತು. ಡಿಸೆಂಬರಿನಲ್ಲಿ ಊಟಿಯ ಹಗಲು ಹನ್ನೊಂದೂವರೆ ಗಂಟೆ. ಅಂದರೆ ಇಡೀ ದಿನದಲ್ಲಿ ನೋಡುವುದಕ್ಕೆಂದು ಉಳಿದದ್ದು ಒಂದು ಗಂಟೆ, ಅದೂ ಏನೂ ಎಡವಟ್ಟಾಗದಿದ್ದರೆ. ಇದೇ ದಿನ ೧೦೦ ಕಿ.ಮೀ., ೧,೩೦೦ ಮೀಟರ್ ಆಗಿದ್ದರೆ ಸುಮಾರು ನಾಲ್ಕು ಗಂಟೆ ಕೈಯಲ್ಲಿ ಉಳಿಯುತ್ತಿತ್ತು. ಚಹಾ ತೋಟದ ಮಗ್ಗುಲಲ್ಲಿ ಕುಳಿತು ಚಹಾ ಕುಡಿಯಲು, ಬಡಗ ಹಳ್ಳಿಯೊಂದರ ಒಳದಾರಿಗೆ ಹೊರಳಿ ಬರಲು ಆ ಸಮಯ ಬೇಕೇ ಬೇಕು. ದಿನದ ಬೆಳಕಿನಲ್ಲಿ ಕಾಲುಭಾಗವಾದರೂ ಕೈಯಲ್ಲಿ ಉಳಿಯದ ಸವಾರಿಯನ್ನು ನೋಟಕ್ಕಾಗಿ ಆರಿಸಬಾರದು ಎಂಬುದು ನಾನು ಒಪ್ಪುವ ಅಳತೆ. ಅದನ್ನು ಬಿಗಿ ಎನ್ನುವವರು ತಮಗೆ ಬೇಕಾದಷ್ಟು ಸಡಿಲಿಸಿಕೊಳ್ಳಲಿ, ಆದರೆ ಲೆಕ್ಕ ಹಾಕದೆ ಹೊರಡಬಾರದು.

ಬಿಡುವಿನ ಲೆಕ್ಕ ಮುಗಿದ ಮೇಲೆ ತಿಂಗಳು ಮತ್ತು ದಿಕ್ಕು ಬರುತ್ತವೆ. ಪಶ್ಚಿಮ ಘಟ್ಟ ಹನ್ನೆರಡು ತಿಂಗಳೂ ಒಂದೇ ಬಣ್ಣದಲ್ಲಿರುವುದಿಲ್ಲ. ಅಕ್ಟೋಬರಿನಲ್ಲಿ ತೊರೆಗಳು ತುಂಬಿರುತ್ತವೆ, ಗದ್ದೆಗಳು ಹಸಿರಾಗಿರುತ್ತವೆ, ಆದರೆ ಮಳೆ ಕಿತ್ತ ರಸ್ತೆ ಇನ್ನೂ ದುರಸ್ತಿಯಾಗಿರುವುದಿಲ್ಲ, ಸಂಜೆಯ ಗುಡುಗು ಮಳೆಯೂ ತಪ್ಪಿದ್ದಲ್ಲ. ಡಿಸೆಂಬರ್, ಜನವರಿಯಲ್ಲಿ ಆಕಾಶ ನಿಚ್ಚಳ. ಊಟಿಯ ತಗ್ಗುಗಳಲ್ಲಿ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮ ಕಟ್ಟುವಷ್ಟು ಚಳಿಯಿದ್ದು, ಇಳಿಜಾರಿನಲ್ಲಿ ಬ್ರೇಕ್ ಹಿಡಿದ ಬೆರಳು ಮರಗಟ್ಟುತ್ತದೆ. ಕೈಗವಸಿಲ್ಲದೆ ಬಂದವರಿಗೆ ಆ ಇಳಿಜಾರು ಅಪಾಯಕಾರಿ. ಅದೇ ಹೊತ್ತಿಗೆ ಮೈಸೂರು, ಚಾಮರಾಜನಗರದ ಸೀಮೆಯಲ್ಲಿ ಸುಗ್ಗಿ. ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಗೇ ಹರಡಿರುತ್ತಾರೆ, ಸಣ್ಣ ಟೈರಿನ ಸೈಕಲ್ ಅದರ ಮೇಲೆ ಜಾರುವುದು ತೀರಾ ಸುಲಭ. ಫೆಬ್ರುವರಿ ದಾಟಿದರೆ ಬಂಡೀಪುರದ ಎಲೆಯುದುರುವ ಕಾಡು ಬೋಳಾಗುತ್ತದೆ. ೨೦೧೯ರ ಫೆಬ್ರುವರಿಯಲ್ಲಿ ಅಲ್ಲಿ ಬಿದ್ದ ಬೆಂಕಿ ಎಷ್ಟು ದೊಡ್ಡದಾಗಿತ್ತೆಂಬುದು ನಾಡಿಗೆಲ್ಲ ಗೊತ್ತು. ಮಾರ್ಚ್, ಏಪ್ರಿಲಿನ ಬಿಸಿಲಿನಲ್ಲೂ ಒಂದು ಅಪವಾದವಿದೆ: ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ಬೆಳ್ಳಗೆ ಅರಳುತ್ತವೆ. ಆದರೆ ಹೂಮಳೆಯ ದಿನವನ್ನು ತಿಂಗಳುಗಳ ಮುಂಚೆ ಯಾರೂ ಹೇಳಲಾರರು, ಆಯೋಜಿತ ಸವಾರಿಯ ದಿನಾಂಕವಾದರೋ ತಿಂಗಳುಗಳ ಮುಂಚೆಯೇ ಗೊತ್ತಾಗಿರುತ್ತದೆ. ಅದನ್ನು ಒಂಟಿಯಾಗಿ ಹೋಗುವವರಿಗೇ ಬಿಡುವುದು ಲೇಸು. ದಿಕ್ಕಿನ ಮಾತು ಇದಕ್ಕಿಂತ ಸೂಕ್ಷ್ಮ. ನಾವು ಎಡಗಡೆ ಸಾಗುವವರಾದ್ದರಿಂದ ಮರವಂತೆಯಲ್ಲಿ ಕುಂದಾಪುರದ ಕಡೆಯಿಂದ ಬೈಂದೂರಿನತ್ತ ಹೋಗುವವರಿಗೆ ಕಡಲು ಪಕ್ಕದಲ್ಲೇ ಇರುತ್ತದೆ, ತಿರುಗಿ ಬರುವವರಿಗೆ ವಾಹನಗಳ ಸಾಲಿನಾಚೆ. ಆದರೆ ಬೇಸಗೆಯ ಮಧ್ಯಾಹ್ನ ಕರಾವಳಿಯಲ್ಲಿ ವಾಯವ್ಯದ ಗಾಳಿ ಎದ್ದಾಗ ಬಡಗು ಮುಖವಾಗಿ ಹೋಗುವವರು ಅದಕ್ಕೆ ಎದೆಯೊಡ್ಡಬೇಕು. ಆದ್ದರಿಂದ ಆ ದಾರಿ ಬೆಳಗಿನದು. ಆಗುಂಬೆಯ ಕತೆ ಬೇರೆ. ಪಡುವಣಕ್ಕೆ ತೆರೆದ ಆ ಅಂಚು ಸಂಜೆಯ ಬೆಳಕಿನಲ್ಲೇ ಚೆಲುವು, ಆದರೆ ಸೂರ್ಯಾಸ್ತ ನೋಡಿದ ಮೇಲೆ ಸೋಮೇಶ್ವರಕ್ಕೆ ಹದಿನಾಲ್ಕು ತಿರುವುಗಳನ್ನು ಕತ್ತಲಲ್ಲಿ ಇಳಿಯುವುದು ಯಾರಿಗೂ ಬೇಡ. ಆಗುಂಬೆಯಲ್ಲೇ ಅಥವಾ ತೀರ್ಥಹಳ್ಳಿಯ ಕಡೆ ರಾತ್ರಿ ತಂಗುವ ಏರ್ಪಾಡಿರುವ ಸವಾರಿಗೆ ಮಾತ್ರ ಆ ಸಂಜೆ ಸಿಗುತ್ತದೆ.

ಜಗತ್ತಿನಲ್ಲಿ ಬಹುಕಾಲ ಬಾಳಿದ ಸವಾರಿಗಳನ್ನು ನೋಡಿದರೆ ಈ ವಾದಕ್ಕೆ ಬಲ ಬರುತ್ತದೆ. ಅಮೆರಿಕದ ಆಯೋವಾ ರಾಜ್ಯವನ್ನು ಅಡ್ಡಲಾಗಿ ದಾಟುವ ‘ರ‍್ಯಾಗ್‌ಬ್ರೈ’ ೧೯೭೩ರಲ್ಲಿ ಇಬ್ಬರು ಪತ್ರಕರ್ತರ ಹುಮ್ಮಸ್ಸಿನಿಂದ ಹುಟ್ಟಿತು. ಅಲ್ಲಿ ಹಿಮಶಿಖರವೂ ಇಲ್ಲ, ಕಡಲೂ ಇಲ್ಲ, ಇರುವುದು ಮೆಕ್ಕೆಜೋಳದ ಹೊಲ. ಆದರೂ ಪ್ರತಿ ಜುಲೈಯಲ್ಲಿ ಸಾವಿರಾರು ಜನ ವಾರವಿಡೀ ತುಳಿಯುತ್ತಾರೆ. ಹೊರಡುವಾಗ ಹಿಂದಿನ ಚಕ್ರವನ್ನು ಮಿಸ್ಸೂರಿ ನದಿಯಲ್ಲೂ, ಮುಟ್ಟಿದ ಮೇಲೆ ಮುಂದಿನ ಚಕ್ರವನ್ನು ಮಿಸಿಸಿಪ್ಪಿಯಲ್ಲೂ ಅದ್ದುವುದು ಅಲ್ಲಿನ ರೂಢಿ. ದಾರಿಯ ಪ್ರತಿ ಊರಿನಲ್ಲೂ ನಿಲ್ಲಲು, ತಿನ್ನಲು, ಮಾತಾಡಲು ಸಮಯವಿರುವುದರಿಂದಲೇ ಬಯಲು ಅಲ್ಲಿ ಬೇಸರ ತರಿಸುವುದಿಲ್ಲ. ಸ್ವೀಡನ್ನಿನಲ್ಲಿ ವೆಟ್ಟರ್ನ್ ಸರೋವರವನ್ನು ಸುತ್ತುವ ೩೧೫ ಕಿ.ಮೀ. ಸವಾರಿ ೧೯೬೬ರಿಂದ ನಡೆಯುತ್ತಿದೆ. ಅದನ್ನು ಇಟ್ಟಿರುವುದು ಜೂನಿನಲ್ಲಿ, ಆ ಉತ್ತರದ ನಾಡಿನಲ್ಲಿ ರಾತ್ರಿಯೂ ಪೂರ್ತಿ ಕಪ್ಪಾಗದ ಕಾಲದಲ್ಲಿ. ಸಂಜೆ ಹೊರಟವರಿಗೂ ಸರೋವರ ಕಾಣುತ್ತದೆ. ನಮ್ಮ ೩೦೦ ಕಿ.ಮೀ.ಯನ್ನು ಅವರ ೩೧೫ರ ಜೊತೆ ಹೋಲಿಸುವವರು ಈ ಬೆಳಕಿನ ವ್ಯತ್ಯಾಸವನ್ನು ಮರೆಯಬಾರದು. ಇಟಲಿಯ ಟಸ್ಕನಿಯಲ್ಲಿ ೧೯೯೭ರಲ್ಲಿ ಆರಂಭವಾದ ‘ಲೆರೊಯಿಕಾ’ ಡಾಂಬರು ಕಾಣದ ಬಿಳಿ ಮಣ್ಣಿನ ರಸ್ತೆಗಳನ್ನು ಉಳಿಸುವ ಹಂಬಲದಿಂದ ಹುಟ್ಟಿದ್ದು. ಹಳೆಯ ಕಾಲದ ಸೈಕಲ್ಲುಗಳಲ್ಲೇ ತುಳಿಯಬೇಕು, ಐವತ್ತರೊಳಗಿನ ಚಿಕ್ಕ ಸುತ್ತಿನಿಂದ ಇನ್ನೂರು ದಾಟುವ ದೊಡ್ಡ ಸುತ್ತಿನವರೆಗೆ ತಮ್ಮ ಶಕ್ತಿಗೆ ತಕ್ಕದ್ದನ್ನು ಆರಿಸಬಹುದು. ಇನ್ನು ೧೯೭೮ರಲ್ಲಿ ಶುರುವಾದ ಕೇಪ್‌ಟೌನಿನ ೧೦೯ ಕಿ.ಮೀ. ಸವಾರಿ ಕಡಲು, ಬೆಟ್ಟ ಎರಡನ್ನೂ ತೋರಿಸುವ ದಾರಿಯೇ ಸರಿ, ಆದರೂ ೨೦೧೭ರಲ್ಲಿ ಗಾಳಿಯ ಅಬ್ಬರಕ್ಕೆ ಅದನ್ನು ರದ್ದು ಮಾಡಬೇಕಾಯಿತು: ದಾರಿ ಎಷ್ಟೇ ಚೆಲುವಾಗಿರಲಿ, ಹೊತ್ತು ಕೂಡಿ ಬರದಿದ್ದರೆ ಅದು ದಕ್ಕದು.

ಬಿಡುವೇ ಮೊದಲ ಅಳತೆ ಎಂಬ ವಾದಕ್ಕೆ ಬಲವಾದ ಒಂದು ಆಕ್ಷೇಪವಿದೆ. ಕಷ್ಟವೇ ನೋಟಕ್ಕೆ ಬೆಲೆ ತರುತ್ತದೆ, ಕಾರಿನಲ್ಲಿ ಬಂದವನು ನೋಡುವ ಕಣಿವೆಯೂ ಮೂವತ್ತಾರು ತಿರುವು ತುಳಿದು ಬಂದವನು ನೋಡುವ ಕಣಿವೆಯೂ ಒಂದೇ ಅಲ್ಲ, ಆದ್ದರಿಂದ ಕಷ್ಟ ಕಡಿಮೆಯಾದಷ್ಟೂ ಚೆಲುವೂ ಕಡಿಮೆ ಎನ್ನುವವರಿದ್ದಾರೆ. ಇದರಲ್ಲಿ ಸತ್ಯದ ಪಾಲು ದೊಡ್ಡದು. ಬೆವರು ಸುರಿಸಿ ಹತ್ತಿದ ಬೆಟ್ಟ ಮನಸ್ಸಿನಲ್ಲಿ ನಿಲ್ಲುವಂತೆ ಕಿಟಕಿಯಿಂದ ನೋಡಿದ ಬೆಟ್ಟ ನಿಲ್ಲುವುದಿಲ್ಲ. ಆದರೆ ಕಷ್ಟ ಬೇರೆ, ಆತುರ ಬೇರೆ. ಕಲ್ಲಹಟ್ಟಿಯನ್ನು ಎರಡೂವರೆ ಗಂಟೆಯಲ್ಲಿ, ಹತ್ತು ಕಡೆ ನಿಂತು, ತಿರುಗಿ ಕೆಳಗಿನ ಸೀಗೂರು ಬಯಲನ್ನು ನೋಡುತ್ತ ಹತ್ತಿದವರೂ ಗಡುವಿಗೆ ಹೆದರಿ ಒಂದೂವರೆ ಗಂಟೆಯಲ್ಲಿ ಹತ್ತಿದವರೂ ಏರಿದ ಎತ್ತರ ಅಷ್ಟೇ, ಹೊತ್ತ ತೂಕವೂ ಅಷ್ಟೇ. ಕಡಿದಾದದ್ದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕಡಿದಾದ ಘಾಟಿಯಿರುವ ದಿನ ಒಟ್ಟು ದೂರ ಚಿಕ್ಕದಿರಲಿ, ಆ ಘಾಟಿ ದಿನದ ಮೊದಲ ಭಾಗದಲ್ಲಿ ಬರಲಿ ಎನ್ನುತ್ತಿದ್ದೇನೆ. ನೂರು ಕಿಲೋಮೀಟರ್ ತುಳಿದ ಮೇಲೆ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಕಡಿದಾದ ಏರು ಸಾಹಸವಾಗಬಹುದು, ಆದರೆ ಅದನ್ನು ಪ್ರಕೃತಿ ವೀಕ್ಷಣೆ ಎಂದು ಮಾರುವುದು ತಪ್ಪು. ಅದಲ್ಲದೆ ದಣಿದ ಸವಾರ ಘಾಟಿ ಇಳಿಯುವಾಗ ಆಗುವ ಅಚಾತುರ್ಯ ಹತ್ತುವಾಗಿನದಕ್ಕಿಂತ ಎಷ್ಟೋ ಭೀಕರ. ಬಿಡುವು ಎಂಬುದು ಸುರಕ್ಷತೆಯ ಮಾತೂ ಹೌದು.

ಇನ್ನೊಂದು ಆಕ್ಷೇಪ ಸುಲಭವಾದದ್ದು, ಆದರೆ ನ್ಯಾಯವಾದದ್ದು: ಬಿಡುವೇ ಮುಖ್ಯವಾದರೆ ಹಣ ಕೊಟ್ಟು ಆಯೋಜಿತ ಸವಾರಿಗೆ ಸೇರುವುದೇಕೆ, ನಾಲ್ಕು ಗೆಳೆಯರು ಕೂಡಿ ಹೋದರಾಗದೇ? ಚಿರಪರಿಚಿತ ರಸ್ತೆಯಾದರೆ ಖಂಡಿತ ಹೋಗಬಹುದು, ನಂದಿಬೆಟ್ಟಕ್ಕೆ ವಾರವಾರವೂ ನೂರಾರು ಜನ ಹಾಗೇ ಹೋಗುತ್ತಾರೆ. ಆದರೆ ಹಲವು ದಿನಗಳ ಬೆಟ್ಟದ ಹಾದಿಯಲ್ಲಿ ಬಟ್ಟೆಬರೆಯ ಚೀಲವನ್ನು ಮುಂದಿನ ತಂಗುದಾಣಕ್ಕೆ ಸಾಗಿಸುವ ವಾಹನವೊಂದು ಇದ್ದರೆ ಸೈಕಲ್ಲಿನ ಮೇಲಿನ ಹತ್ತು ಕಿಲೋ ಇಳಿಯುತ್ತದೆ, ಆ ಹತ್ತು ಕಿಲೋ ಏರಿನಲ್ಲಿ ನೇರವಾಗಿ ಸಮಯವೇ. ಕಡ್ಡಿ ಮುರಿದರೆ ಕೂಡಿಸುವ ಮೆಕ್ಯಾನಿಕ್, ಪ್ರಥಮ ಚಿಕಿತ್ಸೆ ಬಲ್ಲವರು, ಎಲ್ಲರಿಗಿಂತ ಹಿಂದೆ ಬರುವ ಗಾಡಿ, ಇವೆಲ್ಲ ಮೊಬೈಲ್ ಸಿಗ್ನಲ್ ಸಿಗದ ಕಾಡಿನ ರಸ್ತೆಯಲ್ಲಿ ಸಣ್ಣ ಸಂಗತಿಗಳಲ್ಲ. ಕಾಡಿನ ವಿಷಯದಲ್ಲಂತೂ ಆಯೋಜಕರ ನಡತೆಯೇ ಎಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಅದು ಪ್ರಾಣಿಗಳಿಗೆ ಸಿಕ್ಕ ಹೊತ್ತು. ಬೆಳಿಗ್ಗೆ ಆರು ಗಂಟೆಗೆ ಗೇಟ್ ತೆಗೆದ ಗಳಿಗೆಯಲ್ಲೇ ಸೈಕಲ್ಲುಗಳನ್ನು ಬಿಡುವ ಅವಸರಕ್ಕಿಂತ, ಬಿಸಿಲೇರಿದ ಮೇಲೆ ಗುಂಪು ಗುಂಪಾಗಿ ಮುಂದೆ ಹಿಂದೆ ವಾಹನವಿಟ್ಟು ದಾಟಿಸುವ ಆಯೋಜಕರು ಒಳ್ಳೆಯವರು. ಆನೆ ರಸ್ತೆಗೆ ಬಂದರೆ ಎಲ್ಲರೂ ನಿಲ್ಲಬೇಕು, ಆ ಹದಿನೈದು ನಿಮಿಷಕ್ಕೆ ಯಾರ ಗಡುವೂ ತಪ್ಪಬಾರದು. ನೀರಿನ ಬಾಟಲಿ, ಬಾಳೆಹಣ್ಣಿನ ಸಿಪ್ಪೆ, ಎನರ್ಜಿ ಬಾರಿನ ಹೊದಿಕೆ ದಾರಿಯಲ್ಲಿ ಬೀಳದಂತೆ ನೋಡಿಕೊಳ್ಳದ ಸವಾರಿಗೆ ಸುಂದರ ದಾರಿಯ ಹೆಸರಿನಲ್ಲಿ ಜನ ಸೇರಿಸುವ ಹಕ್ಕಿಲ್ಲ ಎಂದು ಕಟುವಾಗಿಯೇ ಹೇಳಬೇಕು.

ಖರ್ಚಿನ ಮಾತೂ ಇದೆ. ಊಟ, ವಸತಿ, ವಾಹನ ಸೇರಿದ ವಾರದ ಸವಾರಿಯ ಶುಲ್ಕ ಎಲ್ಲರ ಕೈಗೂ ಎಟುಕುವಂಥದ್ದಲ್ಲ, ರಜೆಯೂ ಎಲ್ಲರಿಗೆ ಸಿಗುವುದಿಲ್ಲ. ಬಿಡುವನ್ನು ಅಳತೆಗೋಲಾಗಿ ಹಿಡಿದರೆ ಈ ಕೊರತೆ ಅಷ್ಟು ಕಾಡದು. ಹಾಸನದಿಂದಲೋ ಚಿಕ್ಕಮಗಳೂರಿನಿಂದಲೋ ಬೆಳಗಿನ ಜಾವ ಹೊರಟು ಕತ್ತಲಾಗುವ ಮುನ್ನ ಮುಗಿಯುವ ಒಂದು ದಿನದ ಸವಾರಿ, ಐದು ದಿನ ಓಡಿಸಿ ಕೊನೆಗೆ ಪದಕ ಕೊರಳಿಗೆ ಹಾಕುವ ಸವಾರಿಗಿಂತ ಹೆಚ್ಚು ಮಲೆನಾಡನ್ನು ತೋರಿಸಬಲ್ಲದು. ಬಸ್ಸಿನ ಮೇಲೋ ರೈಲಿನಲ್ಲೋ ಸೈಕಲ್ ಸಾಗಿಸಿ ಅಲ್ಲಿಂದ ಶುರು ಮಾಡುವುದು ಕಡಿಮೆ ಖರ್ಚಿನ ದಾರಿ, ಬಯಲುಸೀಮೆಯ ಹೆದ್ದಾರಿಯಲ್ಲಿ ಕಳೆಯಬೇಕಿದ್ದ ಹಗಲನ್ನೂ ಅದು ಉಳಿಸಿಕೊಡುತ್ತದೆ. ಮನೆಬಾಗಿಲಿನಿಂದಲೇ ತುಳಿದುಕೊಂಡು ಹೋಗಬೇಕೆಂಬ ಹಟ ಹಲವರಿಗಿದೆ, ಹಟಕ್ಕೆ ತನ್ನ ಗೌರವವಿದೆ, ಆದರೆ ನೋಟದ ಗುರಿಗೆ ಅದು ಅಡ್ಡಿ.

ಕೊನೆಗೆ, ನೋಂದಣಿಗೆ ಮುನ್ನ ಆಯೋಜಕರಿಗೆ ಒಂದು ಕರೆ ಮಾಡುವುದು ಒಳ್ಳೆಯದು. ದಾರಿಯ ಅತ್ಯಂತ ಚೆಲುವಾದ ಮೂವತ್ತು ಕಿಲೋಮೀಟರ್ ಯಾವುದು, ಮಧ್ಯಮ ವೇಗದ ಸವಾರರು ಅಲ್ಲಿಗೆ ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಬೇಕು. ಹಿಂದಿನ ವರ್ಷ ಕೊನೆಯಲ್ಲಿ ಬಂದವರು ದಿನದ ಸವಾರಿಯನ್ನು ಎಷ್ಟು ಹೊತ್ತಿಗೆ ಮುಗಿಸಿದರು, ಎಷ್ಟು ಜನರನ್ನು ಗಾಡಿಗೆ ಹತ್ತಿಸಬೇಕಾಯಿತು ಎಂದು ಕೇಳಬೇಕು, ಏಕೆಂದರೆ ಮುಂದಿದ್ದವರ ಸಮಯದಿಂದ ಮಿಕ್ಕವರಿಗೆ ಏನೂ ತಿಳಿಯುವುದಿಲ್ಲ. ಆ ದಿನಾಂಕ ಕ್ರಿಸ್‌ಮಸ್ ರಜೆಯ ವಾರಕ್ಕೋ ದೀರ್ಘ ವಾರಾಂತ್ಯಕ್ಕೋ ತಾಗುತ್ತದೆಯೇ ಎಂದು ಕ್ಯಾಲೆಂಡರಿನಲ್ಲಿ ತಾವೇ ನೋಡಿಕೊಳ್ಳಬೇಕು, ತಾಗಿದರೆ ಘಾಟಿಯಲ್ಲಿ ಕಾಣುವುದು ಕಾರುಗಳ ಸಾಲು. ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುವ ಆಯೋಜಕರು ದಾರಿಯನ್ನು ತಾವು ತುಳಿದು ನೋಡಿರುತ್ತಾರೆ. ಗಡುವು ತಪ್ಪಿದವರನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನಂತೂ ಬಿಡಬಾರದು. ಗಾಡಿಗೆ ಹತ್ತಿಸಿ, ಬಿಸಿ ಊಟ ಕೊಟ್ಟು, ಮರುದಿನ ಬೆಳಿಗ್ಗೆ ಮತ್ತೆ ಎಲ್ಲರೊಡನೆ ಸೈಕಲ್ ಹತ್ತಲು ಬಿಡುತ್ತೇವೆ ಎನ್ನುವವರ ಸವಾರಿಗೆ ಮೊದಲ ಸಲ ಹೋಗುವವರು ಧೈರ್ಯವಾಗಿ ಹೆಸರು ಕೊಡಬಹುದು.